ಕತ್ತಲಲ್ಲಿ ಕೂಡಿದ ಸಭೆ

1685ರ ಅಕ್ಟೋಬರಿನಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಫೋಂತೆನ್‌ಬ್ಲೋ ಅರಮನೆಯಿಂದ ಹೊರಡಿಸಿದ ಶಾಸನವನ್ನು ಓದಿದವರಿಗೆ ಅದರ ಕೊನೆಯ ಕಲಮು ವಿಚಿತ್ರವಾಗಿ ಕಾಣುತ್ತದೆ. ಅಜ್ಜ ನಾಲ್ಕನೆಯ ಹೆನ್ರಿ 1598ರ ನಾಂಟ್ಸ್ ಶಾಸನದಿಂದ ಪ್ರಾಟೆಸ್ಟೆಂಟರಿಗೆ ಕೊಟ್ಟಿದ್ದ ಆರಾಧನೆಯ ಹಕ್ಕನ್ನು ಮೊಮ್ಮಗ ಇಲ್ಲಿ ಕಿತ್ತುಕೊಳ್ಳುತ್ತಾನೆ. ಅವರ ಚರ್ಚುಗಳನ್ನೆಲ್ಲ ಕೆಡವಬೇಕು. ಮತ ಬಿಡಲೊಪ್ಪದ ಸಭಾಪಾಲಕರು ಹದಿನೈದು ದಿನದೊಳಗೆ ದೇಶ ಬಿಡಬೇಕು. ಜನಸಾಮಾನ್ಯರು ಮಾತ್ರ ದೇಶ ಬಿಡಕೂಡದು; ಬಿಡಲು ಹೊರಟು ಸಿಕ್ಕಿಬಿದ್ದ ಗಂಡಸಿಗೆ ಗ್ಯಾಲಿ ಹಡಗಿನಲ್ಲಿ ಸಂಕೋಲೆ ತೊಟ್ಟು ಹುಟ್ಟು ಹಾಕುವ ಶಿಕ್ಷೆ, ಹೆಂಗಸಿಗೆ ಸೆರೆಮನೆ. ಇನ್ನು ಮುಂದೆ ಹುಟ್ಟುವ ಮಕ್ಕಳಿಗೆ ಕ್ಯಾಥೊಲಿಕ್ ಪಾದ್ರಿಯೇ ದೀಕ್ಷಾಸ್ನಾನ ಕೊಡಬೇಕು. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಕೊನೆಯ ಕಲಮು ದನಿ ಬದಲಿಸುತ್ತದೆ: ಇನ್ನೂ ಮನಸ್ಸು ತಿರುಗದವರು, ದೇವರು ಕಣ್ಣು ತೆರೆಸುವ ತನಕ, ತಮ್ಮ ಊರಿನಲ್ಲೇ ಇದ್ದುಕೊಂಡು ಕಸುಬು ನಡೆಸಬಹುದು, ಆಸ್ತಿ ಅನುಭವಿಸಬಹುದು, ಅವರನ್ನು ಯಾರೂ ಕಾಡುವುದಿಲ್ಲ, ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಅವರು ಒಟ್ಟುಗೂಡುವಂತಿಲ್ಲ. ಕಾಗದದ ಮೇಲಿನ ಈ ಅಭಯವನ್ನು ದೊರೆಯ ಸೈನಿಕರು ಪಾಲಿಸಲಿಲ್ಲ ಎಂಬುದು ಬೇರೆ ಮಾತು. ಶಾಸನ ಬರೆದವರ ತಿಳಿವಳಿಕೆಯನ್ನು ಮಾತ್ರ ಮೆಚ್ಚಬೇಕು. ಎದೆಯೊಳಗಿನ ನಂಬಿಕೆಯನ್ನು ಅದರ ಪಾಡಿಗೆ ಬಿಟ್ಟರೆ ಒಂದೆರಡು ತಲೆಮಾರಿನಲ್ಲಿ ತಾನಾಗಿ ಸವೆದುಹೋಗುತ್ತದೆ, ಸವೆಯದೆ ಉಳಿಯಬಲ್ಲದ್ದು ಕೂಡುವ ರೂಢಿ, ಆದ್ದರಿಂದ ಪೆಟ್ಟು ಅಲ್ಲಿಗೇ ಬೀಳಬೇಕು ಎಂದು ಅವರಿಗೆ ಗೊತ್ತಿತ್ತು.

ಚರ್ಚಿಗೆ ಹೋಗುವುದು ಎಷ್ಟು ಮುಖ್ಯ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅದು ದೇವರ ಆಜ್ಞೆ, ಹೋಗಲೇಬೇಕು ಎನ್ನುವವರು ಒಂದು ಕಡೆ. ದೇವರು ಮನೆಯಲ್ಲೂ ಇದ್ದಾನೆ, ಮಳೆಯಲ್ಲಿ ನೆನೆದುಕೊಂಡು ಮೈಲುಗಟ್ಟಲೆ ನಡೆದರೆ ಅವನಿಗೇನು ಹೆಚ್ಚು ಸಂತೋಷವೇ ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷದವರೂ ಲೆಕ್ಕ ಹಾಕುವುದು ಹೋದವನಿಗೆ ಏನು ಸಿಕ್ಕಿತು ಎಂದೇ: ಪುಣ್ಯವೋ, ನೆಮ್ಮದಿಯೋ, ಒಂದು ಒಳ್ಳೆಯ ಪ್ರಸಂಗವೋ, ಅಥವಾ ಬರೀ ನೆಗಡಿಯೋ. 1685ರ ಶಾಸನದಿಂದ 1787ರ ಸಹಿಷ್ಣುತಾ ಶಾಸನದವರೆಗೆ, ಒಂದು ಶತಮಾನಕ್ಕೂ ಮೀರಿ, ದಕ್ಷಿಣ ಫ್ರಾನ್ಸಿನ ಹ್ಯೂಗೆನಾಟರೆಂಬ ಪ್ರಾಟೆಸ್ಟೆಂಟರು ಕಾನೂನು ನಿಷೇಧಿಸಿದ ಆರಾಧನೆಗೆ ಹೋಗುತ್ತಲೇ ಇದ್ದ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಲೆಕ್ಕವನ್ನೇ ಬೇರೆ ಬಗೆಯಲ್ಲಿ ಹಾಕಬೇಕಾಗುತ್ತದೆ. ಒಬ್ಬನು ಸಭೆಗೆ ಹೋದುದರ ಫಲ ಅಲ್ಲಿ ಹೆಚ್ಚಾಗಿ ದಕ್ಕಿದ್ದು ಅವನನ್ನು ಆ ಜಾಗದಲ್ಲಿ ಕಂಡ ನೆರೆಯವನಿಗೆ. ಹೋಗುವುದು ಕಷ್ಟವಾಗಿದ್ದಷ್ಟೂ ಆ ಕಾಣುವಿಕೆಯ ಬೆಲೆ ಏರುತ್ತಿತ್ತು.

ಇದು ಅರ್ಥವಾಗಬೇಕಾದರೆ 1685ರಲ್ಲಿ ಆ ಸಮುದಾಯಕ್ಕೆ ಏನಾಗಿತ್ತು ಎಂಬುದನ್ನು ನೋಡಬೇಕು. ಶಾಸನಕ್ಕೆ ನಾಲ್ಕು ವರ್ಷ ಮೊದಲೇ ಪ್ವಾತು ಪ್ರಾಂತದಲ್ಲಿ ಹೊಸದೊಂದು ಉಪಾಯ ಶುರುವಾಗಿತ್ತು. ಡ್ರಗೂನ್ ಎಂಬ ಸವಾರ ಸೈನಿಕರನ್ನು ಪ್ರಾಟೆಸ್ಟೆಂಟರ ಮನೆಗಳಲ್ಲಿ ಬಿಡಾರ ಹೂಡಿಸುವುದು, ಮನೆಯವರು ಮತ ಬಿಟ್ಟೆವು ಎಂದು ರುಜು ಹಾಕುವ ತನಕ ಉಣ್ಣುತ್ತ, ಒಡೆಯುತ್ತ, ಹೊಡೆಯುತ್ತ ಅಲ್ಲೇ ಇರುವುದು. 1685ರಲ್ಲಿ ಈ ಸೈನಿಕರು ದಕ್ಷಿಣಕ್ಕೆ ಬಂದಾಗ ಮೋಂತೋಬಾನ್, ಮೋಂಪೆಲ್ಯೆ, ನೀಮ್‌ನಂಥ ಪಟ್ಟಣಗಳು ಕೆಲವೇ ದಿನಗಳಲ್ಲಿ ಊರಿಗೆ ಊರೇ ರುಜು ಹಾಕಿದವು. ಆಗ ದೇಶದಲ್ಲಿದ್ದ ಹ್ಯೂಗೆನಾಟರು ಸುಮಾರು ಎಂಟು ಲಕ್ಷ. ಅವರಲ್ಲಿ ಸುಮಾರು ಎರಡು ಲಕ್ಷ ಮಂದಿ ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಬ್ರಾಂಡೆನ್‌ಬುರ್ಗಿನ ಕಡೆಗೆ ತಪ್ಪಿಸಿಕೊಂಡು ಹೋದರು. ಉಳಿದವರನ್ನು ಸರ್ಕಾರಿ ದಾಖಲೆಗಳು ಹೊಸ ಕ್ಯಾಥೊಲಿಕರು ಎಂದು ಕರೆದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರುಜು ಎಲ್ಲರೂ ಹಾಕಿದ್ದರು. ಪಕ್ಕದ ಮನೆಯವನು ಹೆದರಿ ಹಾಕಿದನೋ, ಮನಸಾರೆ ಹಾಕಿದನೋ, ಈಗ ಪಾದ್ರಿಗೆ ಚಾಡಿ ಹೇಳುತ್ತಾನೋ ತಿಳಿಯುವ ದಾರಿ ಇರಲಿಲ್ಲ. ಹೊರಗಿನಿಂದ ನೋಡಿದರೆ ಊರಿನಲ್ಲಿ ಹ್ಯೂಗೆನಾಟನೊಬ್ಬನೂ ಇಲ್ಲ. ಒಳಗೆ ಪ್ರತಿಯೊಬ್ಬನೂ ಉಳಿದವನು ತಾನೊಬ್ಬನೇ ಎಂದುಕೊಂಡಿರಬಹುದು. ಮನೆಯ ಬಾಗಿಲು ಹಾಕಿಕೊಂಡು ಸತ್ಯವೇದ ಓದಿದರೆ ನಂಬಿಕೆ ಉಳಿಯಬಹುದೇನೋ, ಈ ಅನುಮಾನವಂತೂ ತೊಲಗದು. ಅದು ತೊಲಗುವುದು ಊರಾಚೆಯ ಕಮರಿಯಲ್ಲಿ ನಡುರಾತ್ರಿ ಪಕ್ಕದ ಮನೆಯವನ ಮುಖ ಕಂಡಾಗ. ಅಷ್ಟು ಅಪಾಯದ ಜಾಗಕ್ಕೆ ಬರೀ ತೋರಿಕೆಗಾಗಿ ಬರುವವನು ಯಾರು?

ಆ ಸಭೆಗಳ ಕಷ್ಟ ಎಂಥದೆಂದು ತಿಳಿಯಲು ಸೇವೆನ್ ಬೆಟ್ಟಸೀಮೆಯ ಮಿಯಾಲೆ ಎಂಬಲ್ಲಿರುವ ಮರುಭೂಮಿ ಸಂಗ್ರಹಾಲಯದ ವಸ್ತುಗಳೇ ಸಾಕು. ಇಸ್ರಾಯೇಲರ ಅಡವಿಯ ಅಲೆದಾಟವನ್ನು ನೆನೆದು ಹ್ಯೂಗೆನಾಟರು ತಮ್ಮ ಈ ಕಾಲವನ್ನು ಮರುಭೂಮಿ ಎಂದು ಕರೆದುಕೊಂಡರು. ಅಲ್ಲಿ ಮರಳೇನೂ ಇರಲಿಲ್ಲ, ಇದ್ದದ್ದು ಚೆಸ್ಟ್‌ನಟ್ ತೋಪುಗಳು, ಕಲ್ಲುಕಣಿಗಳು, ಗುಹೆಗಳು, ಕುರುಚಲು ಕಾಡು. ಸಂಗ್ರಹಾಲಯದಲ್ಲಿ ಮಡಚಿ ಹೊತ್ತೊಯ್ಯಬಹುದಾದ ಪ್ರಸಂಗಪೀಠಗಳಿವೆ, ಬಿಡಿಬಿಡಿಯಾಗಿ ಕಳಚಿ ಬಚ್ಚಿಡಬಹುದಾದ ಪ್ರಭುಭೋಜನದ ಪಾತ್ರೆಗಳಿವೆ, ಸೀಸದ ಬಿಲ್ಲೆಗಳಿವೆ. ಪ್ರಭುಭೋಜನಕ್ಕೆ ಅರ್ಹರಾದವರಿಗೆ ಹಿರಿಯರು ಇಂಥ ಬಿಲ್ಲೆ ಕೊಡುತ್ತಿದ್ದರು. ಹಳೆಯ ಕಾಲದ ಈ ಶಿಸ್ತು ಗೂಢಚಾರರ ಕಾಲದಲ್ಲಿ ಇನ್ನೊಂದು ಉಪಯೋಗಕ್ಕೂ ಬಂತು. ಸಭೆಯ ಜಾಗ ಮೊದಲೇ ಗೊತ್ತಾಗುತ್ತಿರಲಿಲ್ಲ. ನಂಬಿಕಸ್ಥರಾದ ಹಿರಿಯರ ಬಾಯಿಂದ ಬಾಯಿಗೆ ಸುದ್ದಿ ಹೋಗಬೇಕು. ಹಗಲೆಲ್ಲ ಹೊಲದಲ್ಲೋ ಮಗ್ಗದಲ್ಲೋ ರೇಷ್ಮೆಹುಳುವಿನ ಚಾಕರಿಯಲ್ಲೋ ದುಡಿದವರು ಕತ್ತಲಾದ ಮೇಲೆ ಹೊರಟು ಬೆಟ್ಟದ ದಾರಿ ತುಳಿಯಬೇಕು, ಎತ್ತರದ ಬಂಡೆಗಳ ಮೇಲೆ ಕಾವಲು ನಿಲ್ಲಿಸಬೇಕು, ಬೆಳಕು ಹರಿಯುವ ಮೊದಲು ಏನೂ ಆಗದವರಂತೆ ಮನೆ ಸೇರಬೇಕು. ಕೀರ್ತನೆ ಹಾಡದೆ ಅವರಿಗೆ ಆರಾಧನೆಯಿಲ್ಲ, ಕಣಿವೆಯಲ್ಲಿ ಹಾಡಿದರೆ ದನಿ ದೂರ ಹೋಗುತ್ತದೆ. ಕೊನೆಗೆ ಸಭಾಪಾಲಕನೇ ಬರಲಿಲ್ಲವೆಂದರೆ ನಡೆದದ್ದೆಲ್ಲ ದಂಡ. ವೇಷ ಮರೆಸಿ, ಹೆಸರು ಬದಲಿಸಿ, ಹತ್ತಾರು ಊರುಗಳನ್ನು ಸುತ್ತುತ್ತಿದ್ದ ಆತನಿಗೂ ದಿನ ನಿಗದಿ ಮಾಡುವ ಸ್ವಾತಂತ್ರ್ಯ ಇರಲಿಲ್ಲ.

ಮೊದಲ ಮೂವತ್ತು ವರ್ಷ ಇದು ರೂಢಿಯಾಗಿರಲಿಲ್ಲ, ಬಿಟ್ಟುಬಿಟ್ಟು ಬರುವ ಆವೇಶವಾಗಿತ್ತು. ಅಲ್ಲಿ ಇಲ್ಲಿ ಕದ್ದು ಸೇರುವ ಸಭೆಗಳು ಆಗಲೂ ಇದ್ದವು. ಆದರೆ ಸಭಾಪಾಲಕರಲ್ಲಿ ಹೆಚ್ಚಿನವರು ದೇಶ ಬಿಟ್ಟಿದ್ದರು. ರಾಟರ್‌ಡ್ಯಾಮಿನಲ್ಲಿ ಕುಳಿತ ಪಿಯೆರ್ ಜೂರ್ಯೂ ಪ್ರಕಟನೆಯ ಪುಸ್ತಕವನ್ನು ಗುಣಾಕಾರ ಭಾಗಾಕಾರ ಮಾಡಿ 1689ರಲ್ಲಿ ಬಿಡುಗಡೆ ಖಂಡಿತ ಎಂದು ಬರೆದ, ಬಿಡುಗಡೆ ಬರಲಿಲ್ಲ. ವಕೀಲಿಕೆ ಬಿಟ್ಟು ಬೋಧಕನಾಗಿ ಬೆಟ್ಟ ಸುತ್ತಿದ ಕ್ಲೋದ್ ಬ್ರೂಸೊನ್‌ನನ್ನು 1698ರ ನವೆಂಬರಿನಲ್ಲಿ ಮೋಂಪೆಲ್ಯೆಯಲ್ಲಿ ಕೊಂದರು. ಬೋಧಕರಿಲ್ಲದ ಜಾಗವನ್ನು ಮೈಮೇಲೆ ಆತ್ಮ ಬಂದು ನುಡಿಯುವ ಹುಡುಗ ಹುಡುಗಿಯರು ತುಂಬಿದರು. 1702ರ ಜುಲೈಯಲ್ಲಿ ಪೋಂ-ದ-ಮೋಂವೇರ್ ಎಂಬಲ್ಲಿ ದ್ಯು ಶೇಲಾ ಎಂಬ ಕ್ರೂರಿ ಪಾದ್ರಿಯನ್ನು ಕೊಂದಲ್ಲಿಂದ ಕಮಿಸಾರ್ ಎಂದು ಕರೆಸಿಕೊಂಡ ಹ್ಯೂಗೆನಾಟ್ ಹಳ್ಳಿಗರ ದಂಗೆ ಹೊತ್ತಿಕೊಂಡಿತು. ಎರಡು ವರ್ಷ ಸೇವೆನ್ ಸೀಮೆ ಉರಿಯಿತು, ದೊರೆಯ ಸೈನ್ಯ ಮೇಲ್ಸೀಮೆಯ ನೂರಾರು ಹಳ್ಳಿಗಳಿಗೆ ಕೊಳ್ಳಿಯಿಟ್ಟಿತು. ಈ ದಂಗೆಯ ವೀರಕಥೆಗಳು ಇಂದಿಗೂ ಜನಪ್ರಿಯ. ಸಮುದಾಯವನ್ನು ಉಳಿಸಿದ್ದು ಅವಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿಸಿದ ಕೆಲಸ ಶುರುವಾದದ್ದು 1715ರ ಆಗಸ್ಟ್ 21ರಂದು. ಇಪ್ಪತ್ತು ವರ್ಷದ ಅಂತ್ವಾನ್ ಕೂರ್ ಎಂಬ ಹುಡುಗ ಮೋಂತೇಜ್ ಎಂಬಲ್ಲಿ ಬೆರಳೆಣಿಕೆಯ ಜನರನ್ನು ಸೇರಿಸಿ ಸಿನೊಡ್, ಅಂದರೆ ಚರ್ಚಿನ ಆಡಳಿತದ ಕೂಟ, ನಡೆಸಿದ. ಹನ್ನೊಂದೇ ದಿನಕ್ಕೆ ಹದಿನಾಲ್ಕನೆಯ ಲೂಯಿ ತೀರಿಕೊಂಡ. ಕೂರ್ ತಂದ ನಿಯಮಗಳು ನೀರಸವಾಗಿದ್ದವು: ಪ್ರತಿ ಊರಿಗೂ ಹಿರಿಯರು, ಸಭೆಗೆ ಆಯುಧ ತರಬಾರದು, ಮೈಮೇಲೆ ಬಂದವರ ನುಡಿಗೆ ಜಾಗವಿಲ್ಲ, ದೇವರ ವಾಕ್ಯವೊಂದೇ ಆಧಾರ. ಆವೇಶ ಇಳಿಯಿತು, ರೂಢಿ ಹತ್ತಿತು. ಬೆಟ್ಟ ಅದೇ, ಜನ ಅವರೇ, ದೊರೆತನದ ಕಾನೂನೂ ಅದೇ. ಹಿಂದಿನ ಮೂವತ್ತು ವರ್ಷಕ್ಕೂ ಮುಂದಿನ ಎಪ್ಪತ್ತು ವರ್ಷಕ್ಕೂ ನಡುವೆ ಬದಲಾದದ್ದು ತಪ್ಪದೆ ಕೂಡುವ ಈ ಶಿಸ್ತು.

ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ ಎಂಬ ಆಕ್ಷೇಪವನ್ನು ನಮ್ಮ ಕಾಲದ ಸೋಮಾರಿತನ ಎಂದು ತಳ್ಳಿಹಾಕುವವರಿದ್ದಾರೆ. 1719ರಲ್ಲಿ ಅದನ್ನು ಎತ್ತಿದವನು ಸೋಮಾರಿಯಲ್ಲ. ಹಾಲೆಂಡಿನಲ್ಲಿ ದೇಶಭ್ರಷ್ಟನಾಗಿದ್ದ ಜಾಕ್ ಬಾನಾಜ್ ಆ ಕಾಲದ ಫ್ರೆಂಚ್ ಪ್ರಾಟೆಸ್ಟೆಂಟರಲ್ಲೇ ಹೆಸರಾಂತ ವಿದ್ವಾಂಸ, ಯೆಹೂದ್ಯರ ಚರಿತ್ರೆ ಬರೆದವನು. ಸ್ಪೇನಿನ ಕುಮ್ಮಕ್ಕಿನಿಂದ ದಕ್ಷಿಣದಲ್ಲಿ ಮತ್ತೆ ದಂಗೆಯೇಳಬಹುದೆಂದು ಹೆದರಿದ ಪ್ಯಾರಿಸಿನ ಸರ್ಕಾರ ಅವನ ನೆರವು ಕೇಳಿತು. ಅವನು ಸಹಧರ್ಮೀಯರಿಗೆ ಪತ್ರ ಬರೆದು, ದೊರೆಗೆ ವಿಧೇಯರಾಗಿರಿ, ದೊಡ್ಡ ಸಭೆಗಳನ್ನು ಬಿಡಿ, ಮನೆಗಳಲ್ಲೇ ದೇವರನ್ನು ಆರಾಧಿಸಿ ಎಂದು ಬುದ್ಧಿ ಹೇಳಿದ. ಅವನ ವಾದದಲ್ಲಿ ತಿರುಳಿತ್ತು. ದೇವರು ಕಟ್ಟಡಕ್ಕೋ ಕಣಿವೆಗೋ ಅಂಟಿಕೊಂಡವನಲ್ಲ. ಸಭೆ ಸಿಕ್ಕಿಬಿದ್ದರೆ ಬಡವರು ಹಡಗಿಗೆ ಹೋಗುತ್ತಾರೆ. ದಂಗೆಯ ನೆನಪು ಹಸಿಯಾಗಿರುವಾಗ ಗುಂಪುಗೂಡುವುದು ಸರ್ಕಾರವನ್ನು ಕೆಣಕಿದಂತೆ. ಕೂರ್ ಮತ್ತು ಅವನ ಜೊತೆಗಾರರು ಇದನ್ನು ಒಪ್ಪಲಿಲ್ಲ. ಅವರು ಊರೂರು ತಿರುಗಿದವರು. ಮನೆಯ ಆರಾಧನೆಗೆ ಬಿಟ್ಟ ಕುಟುಂಬಗಳು ಏನಾದವೆಂದು ಕಂಡವರು. ಮನೆಯಲ್ಲಿ ಪ್ರಾರ್ಥಿಸುತ್ತಿದ್ದವರೇ ಮದುವೆಗಾಗಿ, ಮಗುವಿನ ದೀಕ್ಷಾಸ್ನಾನಕ್ಕಾಗಿ, ಆಸ್ತಿಯ ವಾರಸಿಗಾಗಿ ಪಾದ್ರಿಯ ಬಾಗಿಲಿಗೆ ಹೋಗುತ್ತಿದ್ದರು, ಮೊದಲು ನೆಪಕ್ಕೆ, ಆಮೇಲೆ ಅಭ್ಯಾಸದಿಂದ. ಮಕ್ಕಳು ಕಂಡದ್ದು ಅಪ್ಪ ಹೋಗುತ್ತಿದ್ದ ಚರ್ಚನ್ನು. ಅವನ ಮನಸ್ಸು ಎಲ್ಲಿತ್ತೆಂದು ಅವರಿಗೆ ಕಾಣುವುದು ಹೇಗೆ? ಮನೆಯ ಆರಾಧನೆ ಬೂದಿ ಮುಚ್ಚಿದ ಕೆಂಡವೇ ಸರಿ, ಅದಿಲ್ಲದಿದ್ದರೆ ಕೂರ್‌ಗೆ ಊದಲು ಏನೂ ಸಿಗುತ್ತಿರಲಿಲ್ಲ. ಆದರೆ ಪ್ರಭುಭೋಜನ, ಮದುವೆ, ದೀಕ್ಷಾಸ್ನಾನ, ತಪ್ಪಿದವನಿಗೆ ಬುದ್ಧಿ ಹೇಳುವ ಹಿರಿಯರ ಕಟ್ಟು, ಮುಂದಿನ ಬೋಧಕನನ್ನು ಆರಿಸಿ ಲೊಸಾನ್‌ನ ಗುಪ್ತ ಪಾಠಶಾಲೆಗೆ ಕಳಿಸುವ ವ್ಯವಸ್ಥೆ, ಇವು ಒಂಟಿ ಮನೆಯೊಳಗೆ ಆಗುವ ಕೆಲಸಗಳಲ್ಲ.

ಬಾನಾಜನ ಇನ್ನೊಂದು ಮಾತಿಗೆ ಉತ್ತರ ಹೇಳುವುದು ಇಷ್ಟು ಸುಲಭವಲ್ಲ. ಸಭೆಗೆ ಹೋದವನು ತನ್ನ ಕಷ್ಟವನ್ನಷ್ಟೇ ತಾನು ಹೊರುತ್ತಿರಲಿಲ್ಲ, ಬೇರೆಯವರ ಮೇಲೂ ಹೇರುತ್ತಿದ್ದ. 1724ರ ಮೇ ತಿಂಗಳ ರಾಜಾಜ್ಞೆ ಬೋಧಕರಿಗೆ ಮರಣ, ಸಭೆಗೆ ಬಂದ ಗಂಡಸರಿಗೆ ಜೀವಾವಧಿ ಗ್ಯಾಲಿ, ಹೆಂಗಸರಿಗೆ ತಲೆ ಬೋಳಿಸಿ ಜೀವಾವಧಿ ಸೆರೆ ಎಂದು ವಿಧಿಸಿತು. ಸಭೆ ನಡೆದ ಸೀಮೆಯ ಹೊಸ ಕ್ಯಾಥೊಲಿಕರಿಗೆಲ್ಲ, ಹೋದವರಿಗೂ ಹೋಗದವರಿಗೂ, ಸಾಮೂಹಿಕ ಜುಲ್ಮಾನೆ ಬೀಳುತ್ತಿತ್ತು. ಮರಿ ದ್ಯೂರಾಂ ಎಂಬ ಹುಡುಗಿ 1730ರಲ್ಲಿ ಎಗ್-ಮೋರ್ತ್ ಪಟ್ಟಣದ ಕೋನ್‌ಸ್ತಾಂಸ್ ಬುರುಜಿನ ಸೆರೆಗೆ ಹೋಗಿ ಹೊರಬಂದದ್ದು 1768ರಲ್ಲಿ. ಹತ್ತೊಂಬತ್ತನೆಯ ವಯಸ್ಸಿನಿಂದ ಮೂವತ್ತೆಂಟು ವರ್ಷ ಅವಳು ಆ ಆರು ಮೀಟರ್ ದಪ್ಪದ ಗೋಡೆಗಳ ನಡುವೆ ಇದ್ದಳು, ಮುಖ್ಯವಾಗಿ ಅವಳ ಅಣ್ಣ ಪಿಯೆರ್ ಬೋಧಕನಾಗಿದ್ದ ಎಂಬ ಕಾರಣಕ್ಕೆ. ಅಣ್ಣನನ್ನು 1732ರಲ್ಲಿ ಗಲ್ಲಿಗೇರಿಸಿದರು. ಬುರುಜಿನ ಕಲ್ಲಿನಲ್ಲಿ ಎದುರು ನಿಲ್ಲಿ ಎಂಬರ್ಥದ ಒಂದೇ ಒಂದು ಪದ ಕೊರೆದಿದೆ. ಅದನ್ನು ಅವಳೇ ಕೊರೆದಳೆಂಬ ಪ್ರತೀತಿಯಿದೆ. ಮತ ಬಿಟ್ಟೆ ಎಂದರೆ ಬಾಗಿಲು ತೆರೆಯುತ್ತಿತ್ತು. ಹಾಗೆಂದು ಹೊರಬಂದ ಹೆಂಗಸರೂ ಇದ್ದರು, ಅವರನ್ನು ಹಳಿಯಲು ನನಗಂತೂ ಬಾಯಿ ಬರುವುದಿಲ್ಲ. 1756ರ ಹೊಸವರ್ಷದ ದಿನ ನೀಮ್ ಹೊರಗಿನ ಸಭೆಯೊಂದನ್ನು ಸೈನಿಕರು ಮುತ್ತಿದಾಗ ಜಾನ್ ಫಾಬ್ರ್ ಎಂಬ ವ್ಯಾಪಾರಿ ತಪ್ಪಿಸಿಕೊಂಡಿದ್ದ. ಮುದುಕ ತಂದೆ ಸಿಕ್ಕಿಬಿದ್ದದ್ದು ಕಂಡು ಹಿಂದಿರುಗಿ, ಅವನ ಬದಲು ತನ್ನನ್ನು ಹಿಡಿಯಿರೆಂದು ಬೇಡಿ, ಆರು ವರ್ಷ ಗ್ಯಾಲಿಯ ಶಿಕ್ಷೆ ಅನುಭವಿಸಿದ. ಮುಂದೆ ಪ್ಯಾರಿಸಿನ ನಾಟಕಕಾರನೊಬ್ಬ ಅವನ ಕಥೆಯನ್ನು ನಾಟಕ ಮಾಡಿದ, ಜನ ಕಣ್ಣೀರಿಟ್ಟರು. ಇಷ್ಟು ಬೆಲೆ ತೆರಬೇಕಿತ್ತೇ ಎಂದು ಕೇಳಿದರೆ, ಬೆಲೆ ನಿಗದಿ ಮಾಡಿದವನು ದೊರೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಫಾಬ್ರನ ಕಥೆಯಲ್ಲೇ ಇದೆ. ಮುದುಕ ತಂದೆಯೂ ಸಭೆಗೆ ಬಂದಿದ್ದ. ಅಲ್ಲಿ ಅವನನ್ನು ಕಂಡವರಾರೂ ತಮಗೆ ದೂರವಾಯಿತೆಂದು ಹೇಳುವಂತಿರಲಿಲ್ಲ. ಹಾಗೆ ಒಬ್ಬರ ಕಷ್ಟ ಇನ್ನೊಬ್ಬರನ್ನು ಕಟ್ಟಿಹಾಕಿತ್ತು, ಆ ಕಟ್ಟಿನಲ್ಲಿ ಆಸರೆಯೂ ಇತ್ತು, ಬಲವಂತವೂ ಇತ್ತು. ಬಲವಂತದ ಪಾಲನ್ನು ಮುಚ್ಚಿಟ್ಟು ಈ ಚರಿತ್ರೆ ಬರೆಯುವವರು ಕೆಲವರಿದ್ದಾರೆ, ಅದು ಸರಿಯಲ್ಲ.

ಇದೆಲ್ಲ ಬೆಟ್ಟದ ಮಹಿಮೆ, ಸಭೆಯದಲ್ಲ ಎನ್ನುವವರೂ ಉಂಟು. ಸೈನ್ಯ ಹತ್ತಲಾರದ ಸೀಮೆ, ಹಳ್ಳಿಗೆ ಹಳ್ಳಿಯೇ ಹ್ಯೂಗೆನಾಟರು, ಉಳಿಯದೆ ಇನ್ನೇನು ಎಂಬ ವಾದ. ಜನ ಒತ್ತಾಗಿದ್ದದ್ದು ನೆರವಾಯಿತೆಂಬುದನ್ನು ಒಪ್ಪಲೇಬೇಕು. ಆದರೆ ನೀಮ್ ಪಟ್ಟಣದ ಪಶ್ಚಿಮಕ್ಕಿರುವ ವೋನಾಜ್ ಬಯಲುಸೀಮೆ, ದ್ರಾಕ್ಷಿ ಆಲಿವ್ ಬೆಳೆಯುವ ಬಯಲು. ಅಲ್ಲೂ ಅವರು ಉಳಿದರು. ನೀಮ್ ದೊಡ್ಡ ಪಟ್ಟಣ, ಸೈನ್ಯದ ಕೋಟೆ ಇದ್ದ ಊರು. ಅದರ ಹೊರವಲಯದ ಕಲ್ಲುಕಣಿಗಳಲ್ಲೇ ಪೋಲ್ ರಬೋ ಎಂಬ ಬೋಧಕ ದಶಕಗಟ್ಟಲೆ ಸಾವಿರಾರು ಜನರಿಗೆ ಪ್ರಸಂಗ ಮಾಡಿದ. ಉತ್ತರದ ನಾರ್ಮಂಡಿಯಲ್ಲಿ ಕಡಲು ಹತ್ತಿರವಿತ್ತು, ಗಟ್ಟಿಗರು ಹಡಗು ಹತ್ತಿದರು, ಉಳಿದವರ ಸಂಖ್ಯೆ ಕುಸಿಯಿತು. ಇನ್ನು ಜಪಾನಿನ ಉದಾಹರಣೆಯನ್ನು ಎತ್ತಬಹುದು. 1614ರ ನಿಷೇಧದ ನಂತರ ನಾಗಸಾಕಿ ಕಡೆಯ ಕ್ರೈಸ್ತರು ಚರ್ಚಿಲ್ಲದೆ, ಪಾದ್ರಿಯಿಲ್ಲದೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಅಡಗಿ ಬಾಳಿದರು. 1865ರ ಮಾರ್ಚಿನಲ್ಲಿ ಉರಕಾಮಿಯ ಕೆಲವರು ಹೊಸದಾಗಿ ಕಟ್ಟಿದ ಓವುರಾ ಚರ್ಚಿಗೆ ಬಂದು ಪೆತಿಜಾನ್ ಎಂಬ ಫ್ರೆಂಚ್ ಪಾದ್ರಿಗೆ ತಮ್ಮ ಗುಟ್ಟು ಹೇಳಿದರು. ಹಾಗಾದರೆ ಕೂಡದೆಯೂ ಉಳಿಯಬಹುದಲ್ಲ? ಹತ್ತಿರ ಹೋಗಿ ನೋಡಿದರೆ ಅವರು ಕೂಡುತ್ತಿದ್ದರು. ಹಬ್ಬದ ದಿನಗಳ ಲೆಕ್ಕ ಇಡುವವನು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನು, ಮನೆಮನೆಗೆ ಸುದ್ದಿ ಮುಟ್ಟಿಸುವವನು ಎಂದು ಊರಲ್ಲಿ ಕೆಲಸ ಹಂಚಿಕೊಂಡಿದ್ದರು. ಅವರಿಗೆ ಇಲ್ಲದಿದ್ದದ್ದು ಕಟ್ಟಡ ಮತ್ತು ಪಾದ್ರಿ ಮಾತ್ರ.

ಕೂಡುವ ರೂಢಿಯೇ ಉಳಿಸಿತೆಂಬ ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡಬಲ್ಲ ಸಾಕ್ಷ್ಯ ಬರುವುದು ಕಷ್ಟದ ದಿನಗಳು ಮುಗಿದ ಮೇಲೆ. 1762ರಲ್ಲಿ ತುಲೂಸಿನಲ್ಲಿ ಫ್ರಾನ್ಸ್ವಾ ರೊಶೆತ್‌ನನ್ನು ಗಲ್ಲಿಗೇರಿಸಿದ ಮೇಲೆ ಇನ್ನೊಬ್ಬ ಬೋಧಕನ ಜೀವ ಹಾಗೆ ಹೋಗಲಿಲ್ಲ. ಅದೇ ಊರಿನಲ್ಲಿ ಕಲಾಸ್ ಎಂಬ ಪ್ರಾಟೆಸ್ಟೆಂಟನನ್ನು ಅನ್ಯಾಯವಾಗಿ ಕೊಂದ ಪ್ರಕರಣವನ್ನು ವೊಲ್ತೇರ್ ಯುರೋಪಿಗೆಲ್ಲ ಕೇಳುವಂತೆ ಎತ್ತಿ ಆಡಿದ. 1775ರಲ್ಲಿ ಗ್ಯಾಲಿಯ ಕೊನೆಯ ಕೈದಿಗಳು ಬಿಡುಗಡೆಯಾದರು. 1787ರ ಶಾಸನ ಹ್ಯೂಗೆನಾಟರ ಹುಟ್ಟು, ಮದುವೆ, ಸಾವುಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು, ಸಾರ್ವಜನಿಕ ಆರಾಧನೆಗೆ ಕೊಡಲಿಲ್ಲ. ಬೆಟ್ಟದಲ್ಲಿ ಬೋಧಕನ ಎದುರು ಮದುವೆಯಾಗಿ, ಕಾನೂನಿನ ಕಣ್ಣಿಗೆ ಹಾದರದವರಾಗಿ ದಶಕಗಟ್ಟಲೆ ಬಾಳಿದ್ದ ದಂಪತಿಗಳು ನ್ಯಾಯಾಧೀಶನೆದುರು ಬಂದು ಮದುವೆ ದಾಖಲಿಸಿದರು. ಎರಡು ವರ್ಷಕ್ಕೆ ಕ್ರಾಂತಿ ಬಂತು, ಪೋಲ್ ರಬೋನ ಮಗ ರಾಷ್ಟ್ರೀಯ ಸಭೆಯಲ್ಲಿ ಆರಾಧನೆಯ ಸ್ವಾತಂತ್ರ್ಯಕ್ಕಾಗಿ ವಾದಿಸಿದ. ಆಮೇಲೆ 1794ರಲ್ಲಿ ಕ್ರಾಂತಿಯ ಸರ್ಕಾರ ಚರ್ಚುಗಳ ಮೇಲೆಯೇ ತಿರುಗಿಬಿದ್ದಾಗ, ನೀಮ್ ಇರುವ ಇದೇ ಗಾರ್ ಜಿಲ್ಲೆಯ ಸಭಾಪಾಲಕರಲ್ಲಿ ಹೆಚ್ಚಿನವರು ರಾಜೀನಾಮೆ ಬರೆದುಕೊಟ್ಟರು. ನೂರು ವರ್ಷ ದೊರೆಗೆ ಬಗ್ಗದವರು ಕೆಲವೇ ತಿಂಗಳಲ್ಲಿ ಬಗ್ಗಿದರಲ್ಲ, ಹಾಗಾದರೆ ಆ ಸಾಧನೆಗೆ ಏನರ್ಥ ಎಂದು ಯಾರಾದರೂ ಕೇಳಬಹುದು. ಶತ್ರು ಕೇಳಿದಾಗ ಕೊಡದ್ದನ್ನು ಮಿತ್ರ ಕೇಳಿದಾಗ ಕೊಟ್ಟರು ಎಂಬುದು ಒಂದು ವಿವರಣೆ. ತಮ್ಮನ್ನು ಪ್ರಜೆಗಳನ್ನಾಗಿ ಮಾಡಿದ ಸರ್ಕಾರಕ್ಕೆ ಅವರು ಋಣಿಗಳಾಗಿದ್ದರು. ನನಗೆ ಇನ್ನೂ ಮುಖ್ಯವಾಗಿ ಕಾಣುವುದು, ರಾಜೀನಾಮೆ ಕೊಟ್ಟವರು ಸಭಾಪಾಲಕರು, ಸಭೆಯಲ್ಲ ಎಂಬುದು. ಹಿರಿಯರ ಕಟ್ಟು, ಊರಿಗೆ ಊರು ಹೆಣೆದುಕೊಂಡ ನೆಂಟಸ್ತಿಕೆ, ಎಲ್ಲಿ ಯಾರು ಬರುತ್ತಿದ್ದರೆಂಬ ನೆನಪು ರಾಜೀನಾಮೆಯ ಕಾಗದದಿಂದ ಅಳಿಯುವಂಥವಲ್ಲ. 1795ರಲ್ಲಿ ಆರಾಧನೆಗೆ ಮತ್ತೆ ಅನುಮತಿ ಸಿಕ್ಕಿತು. 1802ರಲ್ಲಿ ನೆಪೋಲಿಯನ್ ಪ್ರಾಟೆಸ್ಟೆಂಟರಿಗೆ ಸರ್ಕಾರಿ ಮಾನ್ಯತೆ ಕೊಡುವಾಗ ಕೇಳಿದ್ದು ಧರ್ಮಶ್ರದ್ಧೆಯನ್ನಲ್ಲ, ತಲೆಯೆಣಿಕೆಯನ್ನು: ಆರು ಸಾವಿರ ಜನಕ್ಕೆ ಒಂದು ಆಡಳಿತ ಸಭೆ. ಹಾಗೆ ಎಣಿಸಿ ತೋರಿಸುವಾಗ ದೇಶದಲ್ಲೆಲ್ಲ ಮುಂದಿದ್ದದ್ದು ನೀಮ್, ವೋನಾಜ್ ಮತ್ತು ಸೇವೆನ್ ಬೆಟ್ಟದ ಹಳ್ಳಿಗಳಿದ್ದ ಗಾರ್ ಜಿಲ್ಲೆ.